ಸೊನ್ನೆಯಿಂದ ಎಣಿಸುವವರು

ಮೇಷ್ಟ್ರ ಕಪ್ಪಿನ ಪಕ್ಕದಲ್ಲೇ ನನ್ನ ಹೆಂಡತಿಯ ಕಪ್ಪನ್ನು ಬೋರಲು ಹಾಕಿದ್ದರು. ಎರಡರ ಹಿಡಿಕೆಗಳೂ ಒಂದಕ್ಕೊಂದು ತಾಗಿಕೊಂಡಿದ್ದವು.

ಪ್ರಯೋಗಾಲಯದ ಆ ಕೈತೊಳೆಯುವ ಮೂಲೆಯಲ್ಲಿ ಒಟ್ಟು ಹನ್ನೊಂದು ಕಪ್ಪುಗಳಿದ್ದವು. ಉಳಿದ ಒಂಬತ್ತಕ್ಕೂ ಬೇರೆ ಬೇರೆ ಜಾಗ ಸಿಕ್ಕಿರುವಾಗ ಇವೆರಡಕ್ಕೆ ಮಾತ್ರ ಅಂಟಿಕೊಂಡು ಕೂರುವ ದರ್ದೇನಿತ್ತು? ನೋಡುತ್ತ ನಿಂತಷ್ಟೂ ಹೊಟ್ಟೆಯಲ್ಲಿ ಉರಿ ಹೆಚ್ಚಾಯಿತು. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮೇಷ್ಟ್ರ ಕಪ್ಪನ್ನೆತ್ತಿ ಆ ತುದಿಗೆ ಸರಿಸಿದೆ.

"ಬೆರಳಚ್ಚು ತೆಗೀತಿದ್ದೀರಾ ಸಾರ್?"

ಬಾಗಿಲಲ್ಲಿ ಸೂಜಿ ನಿಂತಿದ್ದ. ಚಿಪ್‌ಗಳ ಮೇಲೆ ಕೂದಲಿಗಿಂತ ಸಣ್ಣ ಸೂಜಿಗಳನ್ನಿಟ್ಟು ಪರೀಕ್ಷೆ ಮಾಡುವುದು ಅವನ ಕೆಲಸ. ಆ ಹೆಸರು ಬಂದದ್ದೂ ಅದರಿಂದಲೇ.

"ಹೌದು" ಎಂದೆ. ಪತ್ತೇದಾರನಿಗೆ ಇದೊಂದು ಅನುಕೂಲ, ಏನು ಮಾಡುವಾಗ ಸಿಕ್ಕಿಬಿದ್ದರೂ ತನಿಖೆ ಅನ್ನಬಹುದು.

ನಿನ್ನೆ ಬೆಳಿಗ್ಗೆ ಆಸ್ಪತ್ರೆಯವರ ಕಣ್ಣೆದುರೇ ಈ ಪ್ರಯೋಗಾಲಯದ ಹೊಸ ಚಿಪ್ ಕೈಕೊಟ್ಟಿತ್ತು. ಕೆಡಿಸಿದ್ದು ನನ್ನ ನಾದಿನಿ ಪುಟ್ಟಿ ಎಂದು ಅವಳದೇ ಕಂಪ್ಯೂಟರ್ ಸಾಕ್ಷಿ ಹೇಳುತ್ತಿತ್ತು. ಇಂದು ನಾಲ್ಕು ಗಂಟೆಯೊಳಗೆ ನಾನು ಇನ್ನೊಂದು ಹೆಸರು ತರದಿದ್ದರೆ ಅವಳ ಕೆಲಸವೂ ಹೋಗುತ್ತದೆ, ದೂರು ಪೊಲೀಸರಿಗೂ ಹೋಗುತ್ತದೆ. "ಭಾವನನ್ನ ಕರೆಸಿ, ಒಂದು ದಿನ ಟೈಮ್ ಕೊಡಿ" ಎಂದು ಅವಳೇ ಪ್ರಯೋಗಾಲಯದ ಮುಖ್ಯಸ್ಥರಾದ ಮೇಷ್ಟ್ರನ್ನು ಬೇಡಿಕೊಂಡಿದ್ದಳು. ಈಗ ಗಂಟೆ ಎರಡಾಗಿತ್ತು.

ಸೂಜಿ ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದ.

"ನಾನು ಕೊಟ್ಟೆ ಅಂತ ಹೇಳ್ಬೇಡಿ. ಮೇಷ್ಟ್ರು ಕೊನೇ ತಿದ್ದುಪಡಿ ಮಾತ್ರ ನೋಡಿದಾರೆ. ಅದರ ಹಿಂದೆ ಇನ್ನೊಂದಿದೆ."

ಈ ಚಿಪ್‌ನ ವಿಚಾರ ನನಗೆ ಅರ್ಥವಾದಷ್ಟು ಹೇಳುತ್ತೇನೆ. ಉಗುರಿನಗಲದ ಚೂರು. ಅದರೊಳಗೆ ಎಂಟು ಸಾಲು, ಸಾಲಿಗೆ ಎಂಟರಂತೆ ಅರವತ್ತನಾಲ್ಕು ಪುಟ್ಟ ಗಣಕಗಳು. ಎಲ್ಲವೂ ಒಟ್ಟೊಟ್ಟಿಗೆ ದುಡಿಯುತ್ತವೆ, ಯಾವುದಕ್ಕೂ ಕಾಯಂ ಕೆಲಸವಿಲ್ಲ. ಈ ಕ್ಷಣ ಲೆಕ್ಕ ಮಾಡಿದ್ದು ಮರುಕ್ಷಣ ಚಿತ್ರ ಜೋಡಿಸುತ್ತದೆ. ಯಾರಿಗೆ ಯಾವ ಕೆಲಸ ಎಂಬ ಪಟ್ಟಿಯೊಂದಿದೆ, ಪಟ್ಟಿ ಬದಲಾದರೆ ಅದೇ ಚಿಪ್ ಬೇರೆ ಚಿಪ್ ಆಗಿಬಿಡುತ್ತದೆ. ಕೆಲಸವಿಲ್ಲದವನ್ನು ಆ ಹೊತ್ತಿಗೆ ಮಲಗಿಸುತ್ತಾರೆ, ಮಲಗಿದ್ದು ಕರೆಂಟು ತಿನ್ನುವುದಿಲ್ಲ. ಹಾಗಾಗಿ ಆಂಬುಲೆನ್ಸಿನಲ್ಲಿ ಒಂದೇ ಬ್ಯಾಟರಿಯ ಮೇಲೆ ಇಡೀ ದಿನ ರೋಗಿಗಳ ಸ್ಕ್ಯಾನ್ ತೆಗೆಯಬಹುದು. ಈ ಮಲಗಿಸುವ ಉಪಾಯ ಪುಟ್ಟಿಯದು. ಅರವತ್ತನಾಲ್ಕನ್ನೂ ಉಗುರಿನಗಲದಲ್ಲಿ ಹಿಡಿಸಿ, ಎಳೆ ಎಳೆಯಾಗಿ ನಕ್ಷೆ ಬರೆದದ್ದು ಅವಳ ಅಕ್ಕ. ಎಂದರೆ ನನ್ನ ಹೆಂಡತಿ.

ಹಾಳೆಯಲ್ಲಿ, ಪುಟ್ಟಿಯ ಕಂಪ್ಯೂಟರಿನಿಂದ ಆ ಪಟ್ಟಿಗೆ ಆದ ಎರಡು ತಿದ್ದುಪಡಿಗಳಿದ್ದವು. ಮಂಗಳವಾರ ಮಧ್ಯಾಹ್ನ ಒಂದು ಹತ್ತಕ್ಕೆ, ‘ಸಾಲು 4: ಸದಾ ಮಲಗಿರಲಿ.’ ಒಂದು ಹದಿನಾಲ್ಕಕ್ಕೆ ಅದನ್ನು ಅಳಿಸಿ, ‘ಸಾಲು 3: ಸದಾ ಮಲಗಿರಲಿ.’

"ನಾಲ್ಕೇ ನಿಮಿಷದಲ್ಲಿ ಮನಸ್ಸು ಬದಲಾಯಿಸಿದಾರೆ, ಅಷ್ಟೇ ತಾನೆ?"

"ಅಲ್ಲ ಸಾರ್. ಚಿತ್ರ ಜೋಡಿಸೋ ಸಾಲು ಇರೋದು ಒಂದೇ. ಅದು ಮಲಗಿದ್ರೆ ಮಾತ್ರ ಪರದೆ ಮೇಲೆ ಚಿತ್ರ ನಿಂತುಹೋಗುತ್ತೆ. ಅದನ್ನೇ ಗುರಿಯಿಟ್ಟಿದಾರೆ. ಆದ್ರೆ ಮೊದಲನೇ ಏಟು ತಪ್ಪಿದೆ." ಅವನು ಬೆರಳುಗಳನ್ನು ಬಿಡಿಸಿ ನನ್ನ ಮುಂದೆ ಹಿಡಿದ. "ಎಣಿಸಿ ನೋಡೋಣ."

"ಒಂದು, ಎರಡು, ಮೂರು, ನಾಲ್ಕು."

"ಪುಟ್ಟಿ ಮೇಡಂ ಹೀಗೆ ಎಣಿಸಲ್ಲ. ಸೊನ್ನೆ, ಒಂದು, ಎರಡು, ಮೂರು. ಬೆರಳು ಅದೇ, ಹೆಸರು ಬೇರೆ. ಪಟ್ಟಿ ಬರೆಯೋರೆಲ್ಲ ಸೊನ್ನೆಯಿಂದಲೇ ಶುರು ಮಾಡೋದು. ಇದನ್ನ ಮಾಡಿದೋರು ಒಂದರಿಂದ ಎಣಿಸೋ ಅಭ್ಯಾಸಬಲದಿಂದ ನಾಲ್ಕು ಅಂತ ಹೊಡೆದು, ಕೆಲಸ ಆಗದೇ ಇದ್ದಾಗ ನೆನಪು ಮಾಡ್ಕೊಂಡು ಮೂರು ಮಾಡಿದಾರೆ."

ನನ್ನ ಬೆನ್ನು ನೆಟ್ಟಗಾಯಿತು. ಪುಟ್ಟಿ ಮೆಟ್ಟಿಲನ್ನೂ ಸೊನ್ನೆಯಿಂದ ಎಣಿಸುವವಳು. ಹೋದ ತಿಂಗಳು ನಮ್ಮ ಮನೆಯ ಊಟದ ಮೇಜಿನಲ್ಲಿ ಯಾರೋ ನೀವು ಎಷ್ಟು ಜನ ಮಕ್ಕಳು ಎಂದು ಕೇಳಿದರೆ, "ಅಕ್ಕ ಸೊನ್ನೆಯವಳು, ನಾನು ಒಂದನೆಯವಳು" ಅಂದಿದ್ದಳು. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ನನ್ನ ಹೆಂಡತಿ ನೀರು ತರಲೆಂದು ಎದ್ದುಹೋಗಿದ್ದಳು.

"ನೀನು ಎಲ್ಲಿಂದ ಎಣಿಸ್ತೀಯಪ್ಪಾ?" ಎಂದು ಸೂಜಿಯನ್ನು ಕೇಳಿದೆ.

"ಒಂದರಿಂದ" ಎಂದು ಹಲ್ಲುಬಿಟ್ಟ. "ನನ್ನ ಪರೀಕ್ಷೆ ಹಲಗೆ ಮೇಲೆ ಹಾಗೇ ಅಚ್ಚು ಹಾಕಿದಾರೆ. ಆದ್ರೆ ಮಂಗಳವಾರ ಹನ್ನೆರಡರಿಂದ ಎರಡರವರೆಗೆ ಆಸ್ಪತ್ರೆಯ ತಂತ್ರಜ್ಞೆ ನನ್ನ ಮಗ್ಗುಲಲ್ಲೇ ಕೂತಿದ್ರು. ಊಟಕ್ಕೂ ಬಿಡಲಿಲ್ಲ ಮಹಾತಾಯಿ. ಫೋನ್ ಮಾಡಿ ಕೇಳಿ."

ಮಾಡಿದೆ. ನಿಜವೇ ಆಗಿತ್ತು.

ಪುಟ್ಟಿ ಹಿಂದಿನ ಮೆಟ್ಟಿಲುಗಳ ಮೇಲೆ ಮೊಣಕಾಲಿಗೆ ಗದ್ದ ಊರಿ ಕೂತಿದ್ದಳು. ಮಂಗಳವಾರ ಊಟದ ಹೊತ್ತಿನಲ್ಲೂ ಅಲ್ಲೇ ಒಬ್ಬಳೇ ಕೂತಿದ್ದಳಂತೆ. ಕಂಡವರಿಲ್ಲ. ಕಂಪ್ಯೂಟರನ್ನು ತೆರೆದಿಟ್ಟೇ ಎದ್ದುಬರುವುದು ಅವಳ ಕೆಟ್ಟ ಚಾಳಿ. ಕೋಣೆಯ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು ಗಾಳಿಗೆ ತೆರೆದೇ ಬಿಟ್ಟಿರುತ್ತಾರೆ.

"ಪುಟ್ಟಿ, ನೀನು ಬಚಾವ್!" ಎಂದು ಹಾಳೆಯನ್ನು ಅವಳ ಮುಂದೆ ಹಿಡಿದೆ.

ಓದಿದಳು. ಅವಳ ಮುಖ ಅರಳುತ್ತದೆಂದು ಕಾದೆ. ಅದು ಬಿಳಿಚಿಕೊಂಡಿತು.

"ಇದನ್ನ ಹರಿದುಹಾಕಿ ಭಾವ."

"ತಲೆ ಕೆಟ್ಟಿದೆಯಾ ನಿನಗೆ? ಇದು ನಿನ್ನ ಪ್ರಾಣ."

"ನಾನು ಹೇಳ್ತಿದ್ದೀನಲ್ಲ. ಬಿಟ್ಟುಬಿಡಿ. ಕೆಲಸ ಹೋದ್ರೆ ಇನ್ನೊಂದು ಸಿಗುತ್ತೆ." ಕಣ್ಣಲ್ಲಿ ನೀರು ತುಂಬಿತ್ತು. "ಭಾವ, ದಮ್ಮಯ್ಯ."

ಅವಳು ಯಾರನ್ನೋ ಕಾಪಾಡುತ್ತಿದ್ದಾಳೆಂದು ಹೊಳೆಯದಿರಲು ನಾನೇನು ಹೊಸಬನೇ? ಹದಿನೆಂಟು ವರ್ಷದ ಅನುಭವ. ಯಾರನ್ನು ಎಂಬುದೂ ಒಡನೆಯೇ ಹೊಳೆಯಿತು. ಮೇಷ್ಟ್ರನ್ನು! ಅಕ್ಕ ಸಾಲದೆಂದು ತಂಗಿಗೂ ಆ ಮನುಷ್ಯ ಮಂಕುಬೂದಿ ಎರಚಿದ್ದಾನೆ. ಹಾಳೆಯನ್ನು ಜೇಬಿಗೆ ತುರುಕಿಕೊಂಡು ದಡದಡ ಮೇಲೆ ಹತ್ತಿದೆ.

ಮೇಷ್ಟ್ರ ಮೇಲೆ ನನಗಿರುವ ಸಿಟ್ಟನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.  ಐವತ್ತು ದಾಟಿದರೂ ತಲೆ ತುಂಬ ಕೂದಲು. ನನ್ನ ತಲೆಯ ಬಗ್ಗೆ ಮಾತು ಬೇಡ. ಒಂದು ತಿಂಗಳಿಂದ ನನ್ನ ಹೆಂಡತಿ ಸಂಜೆ ಅರ್ಧ ಗಂಟೆ ತಡವಾಗಿ ಬರುತ್ತಿದ್ದಳು. ಕೇಳಿದರೆ, "ಮೇಷ್ಟ್ರ ಹತ್ರ ಮಾತಿತ್ತು." ಆ ಮಾತು ಏನೆಂದು ಎಂದೂ ಹೇಳಲಿಲ್ಲ. ನಿನ್ನೆ ತಲೆನೋವೆಂದು ಮನೆಯಲ್ಲೇ ಉಳಿದಳು. ತಂಗಿಯ ಮೇಲೆ ಇಷ್ಟು ದೊಡ್ಡ ಆಪತ್ತು ಬಂದಿದ್ದರೂ, ಚಿಪ್‌ಗೆ ಏನಾಯಿತು, ಹೇಗಾಯಿತು ಎಂದು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಮೇಷ್ಟ್ರ ಮಾನ ಹೋಯಿತೆಂಬ ಸಂಕಟ ಎಂದುಕೊಂಡು ರಾತ್ರಿಯೆಲ್ಲ ಮಗ್ಗುಲು ಬದಲಾಯಿಸಿದವನು ನಾನು.

ಸಾಕ್ಷಿಯೂ ಇತ್ತು. ಮೇಷ್ಟ್ರ ಕೋಣೆಯ ಹೊರಗೆ ಅವರದೇ ಕೈಬರಹದ ಸೂಚನೆ ಅಂಟಿಸಿದ್ದರು. ‘ಒಂದು, ದೀಪ ಆರಿಸಿ. ಎರಡು, ಬಾಗಿಲು ಹಾಕಿ.’ ಒಂದರಿಂದ! ಬೆಕ್ಕಿಗೆ ಹಾಲಿನ ಪಾತ್ರೆ ಸಿಕ್ಕಷ್ಟು ಖುಷಿಯಾಯಿತು.

ಅವರನ್ನು ಮೊಗಸಾಲೆಗೆ ಕರೆದೆ. ಅಲ್ಲಿ ಗೋಡೆಯ ಮೇಲೆ ಚಿಪ್‌ನ ನಕ್ಷೆಯನ್ನು ಬಾಗಿಲಿನಷ್ಟು ದೊಡ್ಡದಾಗಿ ಅಚ್ಚು ಹಾಕಿಸಿ ಕಟ್ಟು ಕೂರಿಸಿದ್ದರು. ಮೇಲಿಂದ ಕೆಳಗೆ ಎಂಟು ಸಾಲು, ಬಣ್ಣ ಬಣ್ಣದ ಚೌಕಗಳು. ಯಾವುದರ ಮೇಲೂ ಸಂಖ್ಯೆ ಬರೆದಿರಲಿಲ್ಲ.

"ಯಾವ ಸಾಲು ಹೋದದ್ದು? ಇಲ್ಲಿ ತೋರಿಸಿ ಸ್ವಲ್ಪ."

"ನಿನ್ನೆಯೇ ಹೇಳಿದ್ನಲ್ಲ."

"ದಡ್ಡ ನಾನು. ಇನ್ನೊಮ್ಮೆ."

ಮೇಷ್ಟ್ರು ಪೆನ್ನೆತ್ತಿದರು. 

"ಸೊನ್ನೆ, ಒಂದು, ಎರಡು, ಮೂರು. ಇದು."

ಒಂದಿಷ್ಟೂ ತಡವರಿಸಲಿಲ್ಲ. ಪೆನ್ನಿನ ತುದಿ ಸರಿಯಾದ ಸಾಲಿನ ಮೇಲೇ ಇತ್ತು.

"ಹಾಗಾದ್ರೆ ಬಾಗಿಲ ಮೇಲೆ ಒಂದು, ಎರಡು ಅಂತ ಬರೆದಿದ್ದೀರಲ್ಲ?"

"ಅದು ಮನುಷ್ಯರಿಗೆ ಬರೆದದ್ದು" ಎಂದು ನಕ್ಕರು. "ಇದೇನು, ತನಿಖೆಯೋ ಒಗಟೋ? ಜೇಬಲ್ಲಿ ಏನೋ ಇಟ್ಕೊಂಡಿದ್ದೀರಿ."

"ಕರವಸ್ತ್ರ."

"ಕರವಸ್ತ್ರದ ಮೇಲೂ ಅಚ್ಚು ಹಾಕ್ತಾರಾ ಈಗ? ಇರಲಿ. ನಾಲ್ಕು ಗಂಟೆವರೆಗೂ ನಿಮ್ಮದು. ಆಮೇಲೆ ನನಗೆ ಕೊಡ್ಬೇಕಾಗುತ್ತೆ."

ಸುಮ್ಮನೆ ಹಿಂದಿರುಗಬಹುದಿತ್ತು. ಜಾಣ ಪತ್ತೇದಾರನಾಗಿದ್ದರೆ ಹಾಗೇ ಮಾಡುತ್ತಿದ್ದೆ.

"ನನ್ನ ಹೆಂಡತಿ ದಿನಾ ಸಂಜೆ ಅರ್ಧ ಗಂಟೆ ನಿಮ್ಮ ಕೋಣೇಲಿ ಏನು ಮಾಡ್ತಾಳೆ?"

ಮೇಷ್ಟ್ರ ನಗು ನಿಂತಿತು. "ಈ ಪ್ರಶ್ನೆ ತನಿಖೆಗೋ, ನಿಮಗೋ?"

"ಎರಡಕ್ಕೂ."

ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. ಆಮೇಲೆ ನಕ್ಷೆಯ ಕೆಳಗಿನ ಬಲಮೂಲೆಗೆ ಬೆರಳಿಟ್ಟರು. ಅಲ್ಲಿ ಒತ್ತೊತ್ತಾಗಿ ಗೆರೆಗಳಿದ್ದವು.

"ನಕ್ಷೆ ಬರೆದವರು ಖಾಲಿ ಮೂಲೇಲಿ ಸಣ್ಣದೊಂದು ಚಿತ್ರ ಬಿಡೋದು ನಮ್ಮ ಕಸುಬಿನಲ್ಲಿ ವಾಡಿಕೆ. ಬರಿಗಣ್ಣಿಗೆ ಕಾಣಲ್ಲ. ಆದ್ರೆ ಹೊರಗೆ ಹೋಗೋ ಪ್ರತಿ ಚಿಪ್‌ನಲ್ಲೂ ಅದಿರುತ್ತೆ. ನಿಮ್ಮ ಮನೆಯವರು ಇಲ್ಲೊಂದು ಗುಬ್ಬಚ್ಚಿ ಬರೆದಿದ್ರು. ಎರಡು ವರ್ಷ ಕಣ್ಣು ಕಳ್ಕೊಂಡು ಮಾಡಿದ ಕೆಲಸ, ಅವರ ಗುರುತು ಅಂತ ಇದ್ದದ್ದು ಅದೊಂದೇ. ಕೊನೇ ವಾರದಲ್ಲಿ ಪುಟ್ಟಿಗೆ ಇನ್ನಷ್ಟು ಜಾಗ ಬೇಕಾಯ್ತು. ನಾನು ಗುಬ್ಬಚ್ಚಿ ಅಳಿಸಿಸಿದೆ."

ನಾನು ಆ ಮೂಲೆಯನ್ನು ಬಗ್ಗಿ ನೋಡಿದೆ.

"ಈ ಚಿಪ್ ಬಗ್ಗೆ ನಾವು ಪ್ರಕಟಿಸಿದ ಲೇಖನದಲ್ಲೂ ಪುಟ್ಟಿ ಹೆಸರು ಮೊದಲು ಬಂತು. ಇವರದ್ದು ಕೊನೇಲಿ, ನೆರವಾದವರಿಗೆ ಕೃತಜ್ಞತೆ ಅನ್ನೋ ಕಡೆ. ದಿನಾ ಬಂದು ಅದನ್ನೇ ಕೇಳ್ತಿದ್ರು. ಒಂದಿನ ಅತ್ರು. ಮುಂದಿನ ಚಿಪ್‌ನಲ್ಲಿ ನೋಡೋಣ ಬಿಡಮ್ಮ ಅಂದೆ. ತಪ್ಪು ನನ್ನದೇ."

"ಯಾವತ್ತಿನವರೆಗೆ ಬಂದ್ಲು?"

"ಸೋಮವಾರದವರೆಗೆ. ಮಂಗಳವಾರದಿಂದ ಬರಲಿಲ್ಲ."

ನಾಚಿಕೆ ಬಿಟ್ಟು ಹೇಳುತ್ತೇನೆ, ಮೊದಲು ನನಗಾದದ್ದು ಸಂತೋಷ. ಒಂದು ತಿಂಗಳ ಭಾರ ಎದೆಯಿಂದ ಇಳಿಯಿತು. ಅವಳಿಗೆ ಈ ಮನುಷ್ಯನ ಮೇಲೆ ಮನಸ್ಸಿರಲಿಲ್ಲ, ಅವಳು ಹೋದದ್ದು ಒಂದು ಗುಬ್ಬಚ್ಚಿಗಾಗಿ! ಮೇಷ್ಟ್ರ ಕೂದಲು ಕೂಡ ಇದ್ದಕ್ಕಿದ್ದಂತೆ ಅಷ್ಟೇನೂ ಒತ್ತಾಗಿ ಕಾಣಲಿಲ್ಲ.

ಅವರು ಕೋಣೆಗೆ ಮರಳಿ ಬಾಗಿಲು ಹಾಕಿಕೊಂಡ ಮೇಲೆ ‘ಮಂಗಳವಾರ’ ಎಂಬ ಮಾತು ನನ್ನೊಳಗೆ ಇಳಿಯಿತು. ಹಾಳೆ ತೆಗೆದು ನೋಡಿ ಮತ್ತೆ ಜೇಬಿಗಿಟ್ಟೆ. ಪಟ್ಟಿ ತಿದ್ದಿದ್ದೂ ಮಂಗಳವಾರವೇ.

ಮೂರೂವರೆಗೆ ಹೆಂಡತಿ ಬಂದಳು. ಎರಡು ದಿನದಲ್ಲಿ ಅರ್ಧ ಇಳಿದುಹೋಗಿದ್ದಳು.

"ರೀ, ಪುಟ್ಟಿ ಎಲ್ಲಿ? ಮನೆಗೆ ಕರ್ಕೊಂಡು ಹೋಗ್ತೀನಿ. ಬೆಳಿಗ್ಗೆಯಿಂದ ಏನೂ ತಿಂದಿರಲ್ಲ ಅದು."

"ಇದ್ದಾಳೆ. ಬಾ ಇಲ್ಲಿ." ನನ್ನ ದನಿ ನನಗೇ ಬೇರೆಯವರದ್ದೆನಿಸಿತು. "ನಿನ್ನ ನಕ್ಷೆ ಎಷ್ಟು ಚೆನ್ನಾಗಿದೆ ಅಂತ ಇವತ್ತೇ ನೋಡಿದ್ದು ನಾನು."

ಅವಳು ನಕ್ಕಳು. ಎಷ್ಟೋ ದಿನದ ಮೇಲೆ ಕಂಡ ನಗು. ಬಂದು ಪಕ್ಕದಲ್ಲಿ ನಿಂತಳು. ಕಣ್ಣು ತಾನಾಗಿ ಬಲಮೂಲೆಗೆ ಹೋಗಿ ಬಂತು.

"ಇದರಲ್ಲಿ ನಿನ್ನೆ ಕೈಕೊಟ್ಟದ್ದು ಯಾವುದು?"

ನನಗೇನು ಗೊತ್ತು ಎಂದುಬಿಡು. ಮನಸ್ಸಿನಲ್ಲೇ ಅವಳನ್ನು ಬೇಡಿಕೊಂಡೆ. ಹುಟ್ಟಿದಂದಿನಿಂದ ಯಾರನ್ನೂ ಅಷ್ಟು ಬೇಡಿಕೊಂಡಿರಲಿಲ್ಲ.

ಅವಳ ಬೆರಳು ಮೇಲಿನ ಸಾಲಿನ ಮೇಲೆ ಕೂತು ಕೆಳಗಿಳಿಯಿತು. "ಒಂದು, ಎರಡು, ಮೂರು, ನಾಲ್ಕು. ಇದಲ್ವಾ? ನಮ್ಮ ನಕ್ಷೆ ಹಾಳೆಗಳಲ್ಲೂ ಇದು ನಾಲ್ಕನೇ..."

ಬೆರಳು ಅಲ್ಲೇ ನಿಂತಿತು.

"ಯಾರು ಹೇಳಿದ್ರು ನಿನಗೆ?"

"ನೀವೇ."

"ನಾನು ಹೇಳಿಲ್ಲ ಕಣೇ. ಮೇಷ್ಟ್ರು, ಸೂಜಿ, ಪುಟ್ಟಿ, ನಾನು. ನಾಲ್ಕೇ ಜನಕ್ಕೆ ಗೊತ್ತು, ಆಚೆ ಬಾಯಿ ಬಿಡಬಾರದು ಅಂತ ಮೇಷ್ಟ್ರ ಕಟ್ಟಪ್ಪಣೆ. ನೀನು ನನ್ನನ್ನ ಕೇಳಲೂ ಇಲ್ಲ."

 ಅವಳು ಬೆರಳನ್ನು ತೆಗೆಯಲಿಲ್ಲ, ನನ್ನತ್ತ ತಿರುಗಲೂ ಇಲ್ಲ.

"ಒಂದೇ ಒಂದು ಬೆಳಿಗ್ಗೆ" ಎಂದಳು ಗೋಡೆಗೆ. "ಒಂದು ಬೆಳಿಗ್ಗೆ ಅವಳು ಎಲ್ಲರ ಮುಂದೆ ನಿಂತು, ಚಿಪ್ ಕೆಲಸ ಮಾಡದೆ, ಎಲ್ಲರೂ ಅವಳ ಮುಖ ನೋಡ್ಬೇಕು ಅನ್ನಿಸ್ತು. ಅಷ್ಟೇ ರೀ. ಹುಟ್ಟಿದಾಗಿನಿಂದ ಎಲ್ಲ ಅವಳದ್ದೇ. ಬೆರಳು ಹಿಡಿದು ಎಣಿಸೋಕೆ ಕಲಿಸಿದ್ದು ನಾನು. ಈಗ ನಾನು ಎಣಿಸೋ ರೀತಿಯೇ ತಪ್ಪಂತೆ! ನನ್ನ ಗುಬ್ಬಚ್ಚಿ ಇದ್ದ ಜಾಗವೂ ಅವಳಿಗೇ ಬೇಕಿತ್ತಂತೆ."

"ಅವಳ ಕುರ್ಚೀಲಿ ಕೂತು, ಅವಳ ಕಂಪ್ಯೂಟರಿನಲ್ಲಿ ಮಾಡಿದ್ರೆ ಯಾರ ಕುತ್ತಿಗೆಗೆ ಬರುತ್ತೆ ಅಂತ ಯೋಚನೆ ಬರಲಿಲ್ವಾ?"

"ನನ್ನ ಕಂಪ್ಯೂಟರಿನಿಂದ ಆ ಪಟ್ಟಿ ತೆರೆಯೋಕಾಗಲ್ಲ" ಎಂದಳು. ಅದು ಉತ್ತರವಲ್ಲವೆಂದು ಅವಳಿಗೂ ಗೊತ್ತಿತ್ತು. "ಪೊಲೀಸು ಗಿಲೀಸು ಅಂತಾರೆ ಅಂದ್ಕೊಂಡಿರಲಿಲ್ಲ. ನಿನ್ನೆಯಿಂದ ಹತ್ತು ಸಲ ಹೇಳೋಣ ಅಂತ ಬಾಯಿ ತೆರೆದೆ. ಆಗಲಿಲ್ಲ."

ಅವಳನ್ನು ಬೈಯಲು ನನಗೆ ಬಾಯಿರಲಿಲ್ಲ. ಒಂದೂವರೆ ಗಂಟೆಯ ಹಿಂದೆ ಹೊಟ್ಟೆಕಿಚ್ಚಿಗೆ ಕಪ್ಪು ಸರಿಸಿದವನು ನಾನು. ಮೇಷ್ಟ್ರ ಕೈಗೆ ಕೋಳ ಬೀಳಲೆಂದು ಆಸೆಪಟ್ಟವನೂ ನಾನೇ. ನನ್ನ ಕೈಗೆಟುಕಿದ್ದು ಕಪ್ಪು, ಅವಳ ಕೈಗೆಟುಕಿದ್ದು ಚಿಪ್.

"ಹೇಳಿಬಿಡ್ತೀರಾ?" ಎಂದಳು.

"ನೀನೇ ಹೇಳು. ಅದರಲ್ಲಿ ಸ್ವಲ್ಪವಾದ್ರೂ ಮಾನ ಉಳಿಯುತ್ತೆ. ಇನ್ನೂ ಟೈಮಿದೆ."

 ಅವಳು ಅಂಗೈಯಿಂದ ಮುಖ ಒರೆಸಿಕೊಂಡು ಹೂಂ ಎಂದು ತಲೆಯಾಡಿಸಿದಳು.

ನಾಲ್ಕಕ್ಕೆ ಎಲ್ಲರೂ ಮೇಷ್ಟ್ರ ಕೋಣೆಯಲ್ಲಿ ಸೇರಿದೆವು. ಮೇಷ್ಟ್ರು ಮೇಜಿನ ಹಿಂದೆ ಕೂತಿದ್ದರು, ಮುಂದೆ ದೂರಿನ ಪತ್ರ ಸಿದ್ಧವಾಗಿತ್ತು, ಹೆಸರಿನ ಜಾಗ ಮಾತ್ರ ಖಾಲಿ. ಸೂಜಿ ಬಾಗಿಲ ಬಳಿ ಸೀಲಿಂಗು ನೋಡುತ್ತ ನಿಂತಿದ್ದ. ಪುಟ್ಟಿ ಕಿಟಕಿಗೆ ಬೆನ್ನು ಕೊಟ್ಟಿದ್ದಳು. ನನ್ನ ಹೆಂಡತಿ ನನ್ನ ಪಕ್ಕದಲ್ಲಿದ್ದಳು. 

"ಸರಿ ಪತ್ತೇದಾರರೇ" ಎಂದರು ಮೇಷ್ಟ್ರು. "ಹೆಸರು?"

ನಾನು ಹೆಂಡತಿಯತ್ತ ನೋಡಿದೆ. ಅವಳು ಒಂದು ಹೆಜ್ಜೆ ಮುಂದಿಟ್ಟಳು. ತುಟಿ ಬಿಚ್ಚಿದಳು.

"ನಾನೇ ಮಾಡಿದ್ದು" ಎಂದಿತು ಕಿಟಕಿಯ ಕಡೆಯಿಂದ ದನಿ.

ಪುಟ್ಟಿ.

"ಭಾವನನ್ನ ಸುಮ್ಮನೆ ಅಲೆಸಿದೆ. ಯಾರನ್ನೂ ಹುಡುಕೋದು ಬೇಡ. ಮಂಗಳವಾರ ಊಟದ ಹೊತ್ತಿನಲ್ಲಿ ನಾಲ್ಕನೇ ಸಾಲು ಮಲಗಿಸಿದ್ದು ನಾನೇ."

ಸೂಜಿಯ ಕಣ್ಣು ಸೀಲಿಂಗಿನಿಂದ ಕೆಳಗಿಳಿಯಿತು. ಹೆಸರು ಬರೆಯಲೆಂದು ಮೇಷ್ಟ್ರು ಎತ್ತಿದ್ದ ಪೆನ್ನು ಹಾಗೇ ನಿಂತಿತು.

ನಾಲ್ಕನೇ ಸಾಲು. ಮೆಟ್ಟಿಲನ್ನೂ ಸೊನ್ನೆಯಿಂದ ಎಣಿಸುವ ಪುಟ್ಟಿಯ ಬಾಯಲ್ಲಿ! ಅಕ್ಕನನ್ನು ಉಳಿಸುವ ಗಡಿಬಿಡಿಯಲ್ಲಿ ಅಕ್ಕನ ಎಣಿಕೆಯೇ ನಾಲಿಗೆಗೆ ಬಂತೋ, ಬೇಕೆಂದೇ ಅಂದಳೋ, ನನಗೆ ತಿಳಿಯಲಿಲ್ಲ. ಒಂದು ಮಾತ್ರ ಕಂಡೆ. ಅದನ್ನು ಹೇಳುವಾಗ ಅವಳು ನೋಡಿದ್ದು ಮೇಷ್ಟ್ರನ್ನಲ್ಲ, ಅಕ್ಕನನ್ನು.

ಹೆಂಡತಿ ಇಟ್ಟ ಹೆಜ್ಜೆಯನ್ನು ಹಿಂದೆಗೆದುಕೊಂಡಳು. ಅವಳ ಮುಖದಲ್ಲಿ ಬಿಡುಗಡೆಯನ್ನು ಹುಡುಕಿದೆ, ನಾಚಿಕೆಯನ್ನಾದರೂ ಹುಡುಕಿದೆ. ಗುಬ್ಬಚ್ಚಿ ಇದ್ದ ಮೂಲೆಯನ್ನು ನೋಡುವಾಗಿನ ಉರಿಯೇ ಅಲ್ಲಿತ್ತು.

"ನೋಡಿದ್ರಾ?" ಎಂದು ನನಗೊಬ್ಬನಿಗೇ ಕೇಳುವಂತೆ ಪಿಸುಗುಟ್ಟಿದಳು. "ಇದನ್ನೂ ಅವಳೇ ತಗೊಂಡ್ಲು."

"ಎಷ್ಟನೇ ಸಾಲು ಅಂದೆ ಪುಟ್ಟಿ?" ಮೇಷ್ಟ್ರು ಮೆಲ್ಲಗೆ ಕೇಳಿದರು.

ಪುಟ್ಟಿ ಕಿಟಕಿಯತ್ತ ತಿರುಗಿಕೊಂಡಳು. ಮೇಷ್ಟ್ರು ಪೆನ್ನನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. ಮೇಜಿನ ಮೇಲಿಂದ ಕೈಚಾಚಿದರು.

"ನಾಲ್ಕು ಗಂಟೆಯಾಯ್ತು. ಆ ಕರವಸ್ತ್ರ ಕೊಡಿ."

ಜೇಬಿಗೆ ಹೋದ ನನ್ನ ಕೈಯನ್ನು ಹೆಂಡತಿ ಬಿಗಿಯಾಗಿ ಹಿಡಿದಳು.